ಕಾರ್ಖಾನೆಯೊಳಗೆ ಸರ್ವಿಸ್ ಡಾಗ್: ಗೇಟಿನಿಂದ ಕ್ಲೀನ್‌ರೂಮ್ ಬಾಗಿಲವರೆಗೆ

"ನಮ್ಮದು ಫುಡ್ ಪ್ಲಾಂಟ್, ನಾಯಿ ಒಳಗೆ ಬರುವ ಹಾಗಿಲ್ಲ." ಅಮೆರಿಕದ ಕಾರ್ಖಾನೆಗಳಲ್ಲಿ ಸರ್ವಿಸ್ ಡಾಗ್, ಅಂದರೆ ಅಂಗವೈಕಲ್ಯ ಅಥವಾ ಕಾಯಿಲೆ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿಯ ವಿಷಯ ಎದ್ದಾಗ ಥಟ್ಟನೆ ಬರುವ ಉತ್ತರ ಇದು. ಹೇಳುವವರಿಗೆ ಅನುಮಾನವೇ ಇರುವುದಿಲ್ಲ. ಆದರೆ ಆಹಾರ ಕಾರ್ಖಾನೆಗಳಿಗೆ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಡಿರುವ ನಿಯಮವನ್ನೇ ಒಮ್ಮೆ ತೆಗೆದು ನೋಡಿ. ಫೆಡರಲ್ ನಿಯಮಗಳ ಸಂಗ್ರಹದ (ಸಿಎಫ್‌ಆರ್) 21 ಸಿಎಫ್‌ಆರ್ 117.35, ಇಲಿ, ಹಕ್ಕಿ, ನೊಣಗಳನ್ನು ಹೊರಗಿಡುವ ಭಾಗ. ಕಾವಲು ನಾಯಿ, ದಾರಿ ತೋರಿಸುವ ನಾಯಿ, ಕೀಟ ಪತ್ತೆ ಮಾಡುವ ನಾಯಿ ಪ್ಲಾಂಟಿನ ಕೆಲವು ಜಾಗಗಳಲ್ಲಿ ಇರಬಹುದು ಎಂದು ಅಲ್ಲೇ ಬರೆದಿದೆ. ಷರತ್ತು ಒಂದೇ: ಆಹಾರಕ್ಕೆ, ಆಹಾರ ತಾಗುವ ಮೇಲ್ಮೈಗೆ, ಪ್ಯಾಕಿಂಗ್ ಸಾಮಾನಿಗೆ ಕೊಳೆ ಸೇರುವ ಸಂಭವ ಇರಬಾರದು.

"ಕೆಲವು ಜಾಗಗಳಲ್ಲಿ" ಅನ್ನುವ ಆ ಎರಡು ಪದಗಳ ಮೇಲೆ ಇಡೀ ಕೆಲಸ ನಿಂತಿದೆ. ನಾಯಿ ಕಾರ್ಖಾನೆಗೆ ಬರಬಹುದಾ ಎಂದು ಕೇಳಿದರೆ ಜಗಳವೇ ಗತಿ. ಯಾವ ಕೋಣೆಗೆ, ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಈ ಮಾರ್ಗದರ್ಶಿ ಎಚ್‌ಆರ್, ಕ್ವಾಲಿಟಿ, ಸೇಫ್ಟಿ ವಿಭಾಗದವರಿಗೆ. ಸರ್ವಿಸ್ ಡಾಗ್ ಇಟ್ಟುಕೊಂಡು ಕೆಲಸಕ್ಕೆ ಸೇರುತ್ತಿರುವವರೂ ಓದಬಹುದು. ಮೇಜಿನ ಆಚೆ ಕೂತವರ ತಲೆನೋವು ಏನೆಂದು ತಿಳಿದಿದ್ದರೆ ಮಾತು ಸಲೀಸು.

1. ಕೋರಿಕೆ ಬಂದಿದೆ ಎಂದು ಗುರುತಿಸಿ

ಕೋರಿಕೆ ಫಾರಂ ತುಂಬಿಸಿಕೊಂಡೇ ಬರಬೇಕೆಂದಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ಒಬ್ಬರು ಸೂಪರ್‌ವೈಸರ್ ಹತ್ತಿರ ಬಂದು "ನನಗೆ ಫಿಟ್ಸ್ ಬರುತ್ತದೆ, ಮುಂದಿನ ತಿಂಗಳಿಂದ ನಾಯಿ ಜೊತೆಗಿರುತ್ತದೆ" ಎಂದರೂ ಅದು ಕೋರಿಕೆಯೇ. ಕಾನೂನಿನ ಹೆಸರು ಹೇಳಲೇಬೇಕು ಎಂದೇನಿಲ್ಲ. ಸೂಪರ್‌ವೈಸರ್ ಮಾಡಬೇಕಾದದ್ದು ಇಷ್ಟೇ: ಆಗಲ್ಲ ಅನ್ನಬಾರದು, ಆಗುತ್ತೆ ಅಂತಲೂ ಅನ್ನಬಾರದು, ಅದೇ ದಿನ ಎಚ್‌ಆರ್‌ಗೆ ತಿಳಿಸಬೇಕು. ಕೋರಿಕೆ ಬಂದ ತಾರೀಖು ಬರೆದಿಡಿ. ಸುಮ್ನೆ ವಾರಗಟ್ಟಲೆ ಕೂತರೆ ಆ ತಡವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

2. ಯಾವ ಕಾನೂನು ಎಂಬುದು ಮೊದಲು ಸ್ಪಷ್ಟವಾಗಲಿ

ಜಾಸ್ತಿ ಎಡವುವುದು ಇಲ್ಲಿ. 1990ರ ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆ್ಯಕ್ಟ್, ಅಂದರೆ ಅಂಗವಿಕಲರ ಹಕ್ಕುಗಳ ಕಾನೂನು, ಎಲ್ಲರೂ ಎಡಿಎ ಅನ್ನುತ್ತಾರೆ, ಒಂದೇ ಕಾನೂನಾದರೂ ಒಳಗೆ ಬೇರೆ ಬೇರೆ ಭಾಗಗಳಿವೆ. ಅಂಗಡಿ, ಹೋಟೆಲ್‌ಗಳಿಗೆ ಅನ್ವಯಿಸುವುದು ಮೂರನೇ ಭಾಗ. ಸರ್ವಿಸ್ ಅನಿಮಲ್ ಎಂದರೆ ತರಬೇತಿ ಪಡೆದ ನಾಯಿ ಮಾತ್ರ, ಗಿಡ್ಡ ತಳಿಯ ಕುದುರೆಯನ್ನು ಬೇರೆಯಾಗಿ ಪರಿಗಣಿಸಬೇಕು, ಎರಡೇ ಪ್ರಶ್ನೆ (ಅಂಗವೈಕಲ್ಯದ ಕಾರಣಕ್ಕೆ ನಾಯಿ ಬೇಕಾ, ಯಾವ ಕೆಲಸಕ್ಕೆ ತರಬೇತಿ ಪಡೆದಿದೆ) ಕೇಳಬಹುದು ಎಂಬ ಪ್ರಸಿದ್ಧ ನಿಯಮಗಳೆಲ್ಲ ಅಲ್ಲಿಯವು. 2011ರ ಮಾರ್ಚ್ 15ರಿಂದ ಜಾರಿಯಲ್ಲಿವೆ.

ನಿಮ್ಮ ಕಾರ್ಖಾನೆಯ ನೌಕರರ ವಿಷಯಕ್ಕೆ ಬರುವುದು ಮೊದಲನೇ ಭಾಗ. ಅದು 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗೆ ಅನ್ವಯ, ನೋಡಿಕೊಳ್ಳುವುದು ಉದ್ಯೋಗದಲ್ಲಿ ತಾರತಮ್ಯ ತಡೆಯುವ ಫೆಡರಲ್ ಆಯೋಗ ಇಇಒಸಿ. ಅಲ್ಲಿ ಸರ್ವಿಸ್ ಅನಿಮಲ್‌ಗೆ ವ್ಯಾಖ್ಯೆಯೇ ಇಲ್ಲ. ನಾಯಿಯನ್ನು ಕರೆತರುವುದು ಬೇರೆ ಯಾವುದೇ ಅನುಕೂಲದ ಹಾಗೆ ಒಂದು ಕೋರಿಕೆ, ವಿಶೇಷ ಕುರ್ಚಿ ಕೇಳಿದ ಹಾಗೆ. ಇದರಿಂದ ಎರಡು ಪರಿಣಾಮ. ಒಂದು, ಅಂಗಡಿಯವನ ಹಾಗೆ ನೀವು ಎರಡು ಪ್ರಶ್ನೆಗೇ ನಿಲ್ಲಬೇಕಿಲ್ಲ. ತೊಂದರೆ ಮೇಲ್ನೋಟಕ್ಕೆ ಕಾಣದಿದ್ದರೆ ವೈದ್ಯರಿಂದ ಅಗತ್ಯವಿರುವಷ್ಟು ಪತ್ರ ಕೇಳಬಹುದು. ಎರಡು, "ಇದು ಎಮೋಷನಲ್ ಸಪೋರ್ಟ್ ನಾಯಿ, ಸರ್ವಿಸ್ ಡಾಗ್ ಅಲ್ಲ" ಎಂದು, ಅಂದರೆ ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ನಾಯಿ ಅಷ್ಟೇ ಎಂದು, ಕಡತ ಮುಚ್ಚಿಬಿಡಲು ಆಗುವುದಿಲ್ಲ. ಆ ಕೋರಿಕೆಯನ್ನೂ ತೂಗಿ ನೋಡಬೇಕು. ರಾಜ್ಯದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರಬಹುದು, ಅದನ್ನು ನಿಮ್ಮ ವಕೀಲರ ಹತ್ತಿರ ಕೇಳಿಕೊಳ್ಳಿ.

ಇನ್ನು ಆ ಲ್ಯಾಮಿನೇಟ್ ಮಾಡಿದ ಐಡಿ ಕಾರ್ಡು, ಆನ್‌ಲೈನ್ ಸರ್ಟಿಫಿಕೇಟು. ಫೆಡರಲ್ ಮಟ್ಟದಲ್ಲಿ ಸರ್ವಿಸ್ ಡಾಗ್‌ಗಳ ನೋಂದಣಿ ಪಟ್ಟಿ ಅನ್ನುವುದೇ ಇಲ್ಲ. ಕಾರ್ಡ್ ತೋರಿಸಿದರೆಂದು ಏನೂ ಸಾಬೀತಾಗಲ್ಲ, ತೋರಿಸಲಿಲ್ಲ ಎಂದರೂ ಅಷ್ಟೇ.

3. ನಾಯಿ ಏನು ಮಾಡುತ್ತದೆ ಎಂದು ಕೂತು ಕೇಳಿ

ಕ್ವಾಲಿಟಿ, ಸೇಫ್ಟಿ, ಎಚ್‌ಆರ್‌ನಿಂದ ಒಬ್ಬೊಬ್ಬರು ಮತ್ತು ಆ ನೌಕರ. ಇಷ್ಟು ಜನ ಸಾಕು. ಕಾಯಿಲೆಯ ಕಥೆ ಬೇಡ, ನಾಯಿಯ ಕೆಲಸದ ಕಥೆ ಬೇಕು.

ಕೇಳಬೇಕಾದ್ದು ಹೀಗೆ. ನಾಯಿ ಯಾವ ಕೆಲಸಕ್ಕೆ ತರಬೇತಿ ಪಡೆದಿದೆ? ಎಷ್ಟು ಹತ್ತಿರ ಇರಬೇಕು? ಹತ್ತು ನಿಮಿಷ ಪಕ್ಕದ ಕೋಣೆಯಲ್ಲಿದ್ದರೆ ಏನಾಗುತ್ತದೆ, ಎರಡು ಗಂಟೆ ಆದರೆ? ಎಷ್ಟು ಹೊತ್ತಿಗೊಮ್ಮೆ ಹೊರಗೆ ಹೋಗಬೇಕು?

ಉತ್ತರಗಳು ಒಂದೇ ಥರ ಇರುವುದಿಲ್ಲ. ಕಣ್ಣು ಕಾಣದವರ ನಾಯಿ ನಡೆಯುವಾಗ ಬೇಕೇ ಬೇಕು, ಬೆಂಚಿನ ಮುಂದೆ ಕೂತ ಮೇಲೆ ಮೇಜಿನ ಕೆಳಗೆ ಮಲಗಿದರೆ ಸಾಕು. ಸಕ್ಕರೆ ಕಾಯಿಲೆಯ ಎಚ್ಚರಿಕೆ ಕೊಡುವ ನಾಯಿಗೆ ಮಾಲೀಕರ ವಾಸನೆ ಸಿಗಬೇಕು. ಗೌನು, ಮಾಸ್ಕು, ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಗಾಳಿ ರಭಸವಾಗಿ ಮೇಲಿಂದ ಕೆಳಕ್ಕೆ ಬೀಸುವ ಕೋಣೆಯಲ್ಲಿ ನಿಂತರೆ ಆ ವಾಸನೆ ನಾಯಿಗೆ ತಲುಪುತ್ತದಾ? ಇದನ್ನು ಕೇಳುವ ಹಕ್ಕು ನಿಮಗಿದೆ. ಎಷ್ಟೋ ಸಲ ನೌಕರರೇ "ಅಲ್ಲಿ ನಾಯಿಯಿಂದ ಉಪಯೋಗ ಇಲ್ಲ, ಸಕ್ಕರೆ ಅಳೆಯುವ ಸೆನ್ಸರ್ ಹಾಕಿಕೊಳ್ಳುತ್ತೇನೆ" ಎಂದು ಹೇಳಿಬಿಡಬಹುದು. ಆದರೆ ಆ ಮಾತು ಅವರ ಬಾಯಿಂದ ಬರಲಿ, ನಿಮ್ಮ ಬಾಯಿಂದಲ್ಲ.

4. ಪ್ಲಾಂಟಿನ ನಕ್ಷೆ ಹಾಸಿ ಬಣ್ಣ ಹಚ್ಚಿ

ಜಾಸ್ತಿ ಸಮಯ ಕೊಡಬೇಕಾದ ಹೆಜ್ಜೆ ಇದು. ಫೈರ್ ಎಕ್ಸಿಟ್ ನಕ್ಷೆ ಇರುತ್ತದಲ್ವಾ, ಅದರ ದೊಡ್ಡ ಪ್ರಿಂಟ್ ತೆಗೆದುಕೊಳ್ಳಿ. ಮೂರು ಬಣ್ಣ ಸಾಕು. ಹಸಿರು: ಮನುಷ್ಯರು ಮಾಮೂಲಿ ಬಟ್ಟೆಯಲ್ಲಿ ಓಡಾಡುವ ಜಾಗ. ಕೆಂಪು: ತೆರೆದ ಉತ್ಪನ್ನ ಅಥವಾ ಸ್ಟೆರೈಲ್ (ಸೂಕ್ಷ್ಮಾಣು ಇರಬಾರದ) ಕೆಲಸ. ಹಳದಿ: ನಡುವಿನದೆಲ್ಲ.

ಆಫೀಸು, ಕ್ಯಾಂಟೀನು, ತರಬೇತಿ ಕೋಣೆ, ಡಾಕ್ಯುಮೆಂಟ್ ರೂಮು, ಮೇಂಟೆನೆನ್ಸ್ ಆಫೀಸು, ಬಹಳಷ್ಟು ಕಡೆ ಸೀಲ್ ಆದ ಡಬ್ಬಗಳ ಗೋದಾಮು, ಇವೆಲ್ಲ ಹಸಿರಿಗೆ ಬೀಳುತ್ತವೆ. ನಕ್ಷೆ ಮುಗಿದ ಮೇಲೆ ಮೇಜಿನ ಸುತ್ತ ಕೂತವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ: ಕೆಂಪು ಅವರು ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ.

ಕೆಂಪು ಯಾಕೆ ಕೆಂಪು ಎಂಬುದಕ್ಕೆ ಕಾರಣವನ್ನೂ ಪಕ್ಕದಲ್ಲೇ ಬರೆಯಿರಿ. "ಜಿಎಂಪಿ" (ಉತ್ತಮ ಉತ್ಪಾದನಾ ಕ್ರಮ) ಎಂದು ಒಂದೇ ಪದ ಗೀಚಿದರೆ ಸಾಲದು.

ಆಹಾರದಲ್ಲಿ ಆಧಾರ ಮೇಲೆ ಹೇಳಿದ 117.35. ಅದರಲ್ಲಿ ಹೆಸರಿಸಿರುವುದು ದಾರಿ ತೋರಿಸುವ ನಾಯಿಯನ್ನು. ಕಿವುಡರ ನಾಯಿ, ಫಿಟ್ಸ್ ನಾಯಿಯ ಹೆಸರಿಲ್ಲ. ಅದನ್ನೇ ಹಿಡಿದು ವಾದ ಮಾಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ದುರ್ಬಲ ವಾದ. ಕೊಳೆಯ ದೃಷ್ಟಿಯಿಂದ ನೋಡಿದರೆ ಒಂದೇ ಕೂದಲು, ಒಂದೇ ಪಂಜ. ಅದರಲ್ಲೂ ಕೀಟ ಹುಡುಕಲು ನಾಯಿ ತರಿಸುವ ಕಂಪನಿ ನೌಕರರ ನಾಯಿಯನ್ನು ಬೇಡ ಎಂದರೆ ಯಾರೂ ಒಪ್ಪಲ್ಲ. ಮಾಂಸ, ಕೋಳಿ ಪ್ಲಾಂಟ್ ಆದರೆ ಯುಎಸ್‌ಡಿಎ (ಕೃಷಿ ಇಲಾಖೆ) ಇನ್‌ಸ್ಪೆಕ್ಟರ್ ಅಲ್ಲೇ ಇರುತ್ತಾರೆ. ನಾಯಿ ಬರುವ ದಿನದವರೆಗೆ ಕಾಯದೆ ಮೊದಲೇ ನಕ್ಷೆ ತೋರಿಸಿ.

ಔಷಧ ಕಾರ್ಖಾನೆಗಳಿಗೆ 21 ಸಿಎಫ್‌ಆರ್ 211. ಅಲ್ಲಿ ನಾಯಿಯ ಪ್ರಸ್ತಾಪವೇ ಇಲ್ಲ. ಆದರೆ 211.28 ಪ್ರಕಾರ ನಿರ್ಬಂಧಿತ ಜಾಗಗಳಿಗೆ ಮೇಲ್ವಿಚಾರಕರ ಅನುಮತಿ ಇದ್ದವರು ಮಾತ್ರ ಹೋಗಬೇಕು, ಕೆಲಸಕ್ಕೆ ತಕ್ಕ ಶುಭ್ರ ಉಡುಪು ಇರಬೇಕು. ನಾಯಿಗೆ ಗೌನು ತೊಡಿಸುವ ಒಪ್ಪಬಹುದಾದ ವಿಧಾನ ಯಾವುದೂ ಇಲ್ಲ. ಸ್ಟೆರೈಲ್ ಫಿಲ್ಲಿಂಗ್ ನಡೆಯುವ ಐಎಸ್‌ಒ 5 ದರ್ಜೆಯ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ಘನ ಮೀಟರಿಗೆ 3,520 ಮೀರಬಾರದು. ನಾಯಿ ಒಮ್ಮೆ ಮೈ ಕೊಡವಿದ್ದನ್ನು ಕಿಟಕಿಯ ಬಿಸಿಲುಕೋಲಿನಲ್ಲಿ ನೋಡಿದ್ದೀರಾ? ಅಷ್ಟು ನೋಡಿದವರಿಗೆ ಇಲ್ಲಿ ವಾದವೇ ಬೇಕಿಲ್ಲ. ಅದೇ ಕಟ್ಟಡದ ಸೆಕೆಂಡರಿ ಪ್ಯಾಕಿಂಗ್ ಹಾಲ್, ಅಂದರೆ ಸೀಲ್ ಆದ ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಜಾಗ, ಬೇರೆಯೇ ಕಥೆ. ಅಲ್ಲಿ ಕೂತು ಯೋಚಿಸಬಹುದು.

ಎಲೆಕ್ಟ್ರಾನಿಕ್ಸ್‌ನಲ್ಲಿ ಕೊಳೆಗಿಂತ ಸ್ಟ್ಯಾಟಿಕ್ ಕರೆಂಟಿನದೇ ದೊಡ್ಡ ಚಿಂತೆ. ಸ್ಟ್ಯಾಟಿಕ್ ನಿಯಂತ್ರಣದ ಎಸ್20.20 ಮಾನದಂಡ 100 ವೋಲ್ಟಿಗೇ ಹಾಳಾಗುವ ಬಿಡಿಭಾಗಗಳನ್ನು ಕಾಪಾಡಲು ಇರುವಂಥದ್ದು. ಒಣ ಹವೆಯಲ್ಲಿ ನಾಯಿಯ ತುಪ್ಪಳ ಅದನ್ನು ಆರಾಮಾಗಿ ದಾಟುತ್ತದೆ. ಅಂಥ ಬಿಡಿಭಾಗಗಳ ಜಾಗವನ್ನು ನೆಲದ ಮೇಲೆ ಗುರುತಿಸುವ ಹಳದಿ ಗೆರೆಯ (ನಕ್ಷೆಯ ಹಳದಿ ಅಲ್ಲ) ಈಚೆಗೆ ಚಾಪೆ ಹಾಕಿ ಕೂರಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ.

5. ಯಂತ್ರ ನಿಂತಿರುವಾಗ ಒಮ್ಮೆ, ಓಡುವಾಗ ಒಮ್ಮೆ ನಡೆದು ನೋಡಿ

ನಕ್ಷೆ ಕಾಗದದ್ದು, ನಾಯಿ ನಾಲ್ಕು ಕಾಲಿನದು. ಅದರ ಎತ್ತರಕ್ಕೆ ಬಗ್ಗಿ ನೋಡಿದರೆ ಪ್ಲಾಂಟು ಬೇರೆ ಥರ ಕಾಣುತ್ತದೆ.

ಮೊದಲು ಫೋರ್ಕ್‌ಲಿಫ್ಟ್. ಹೊರೆ ಎತ್ತಿರುವ ಚಾಲಕನಿಗೆ ಮನುಷ್ಯರ ತಲೆ ಕಾಣಬಹುದು, ಮೊಣಕಾಲಿನ ಮಟ್ಟದಲ್ಲಿರುವ ನಾಯಿ ಕಾಣಲ್ಲ. ಹೊಳೆಯುವ ಜಾಕೆಟ್ ತೊಡಿಸಿ, ಆದರೆ ಅದನ್ನೇ ನಂಬಬೇಡಿ. ಕಾಲುದಾರಿಗೆ ಕಂಬಿ ಇಲ್ಲದ ಕಡೆ ದಾರಿಯನ್ನೇ ಬದಲಿಸಿ.

ಬೆಲ್ಟು. ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಬೀದಿಯಲ್ಲಿ ಅನುಕೂಲ, ಕನ್ವೇಯರ್ ಪಕ್ಕದಲ್ಲಿ ಯಮಪಾಶ. ರೋಲರಿಗೆ ಸಿಕ್ಕಿದರೆ ನಾಯಿ ಮತ್ತು ಮನುಷ್ಯ ಇಬ್ಬರನ್ನೂ ಎಳೆಯುತ್ತದೆ. ಚಿಕ್ಕ ಹಿಡಿ, ಜೋರಾಗಿ ಎಳೆದರೆ ಬಿಟ್ಟುಕೊಳ್ಳುವ ಕೊಂಡಿ ಬಳಸಲಿ.

ಶಬ್ದ ಎಲ್ಲರೂ ಮರೆಯುವ ವಿಷಯ. ಎಂಟು ಗಂಟೆಗೆ ಸರಾಸರಿ 85 ಡೆಸಿಬೆಲ್ ಮುಟ್ಟಿದರೆ ಅಥವಾ ದಾಟಿದರೆ ನೌಕರರಿಗೆ ಶ್ರವಣ ರಕ್ಷಣೆಯ ಕಾರ್ಯಕ್ರಮ ಬೇಕು ಎನ್ನುತ್ತದೆ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಓಶಾ. ನಾಯಿ ನೌಕರ ಅಲ್ಲ, ಅದಕ್ಕೆ ಮಿತಿ ಬರೆದಿಲ್ಲ. ಆದರೆ ನಮಗೆ ಕೇಳಿಸುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ, ನಾಯಿಗೆ ಸುಮಾರು 45ರವರೆಗೆ. ಅಲ್ಟ್ರಾಸಾನಿಕ್ ವೆಲ್ಡರ್, ಅಲ್ಟ್ರಾಸಾನಿಕ್ ತೊಳೆಯುವ ತೊಟ್ಟಿಗಳು ಬಹುತೇಕ ಕೆಲಸ ಮಾಡುವುದು 20ರಿಂದ 40ರ ನಡುವೆ. ನಮಗೆ ನಿಶ್ಶಬ್ದವಾಗಿ ಕಾಣುವ ಕೋಣೆಯಲ್ಲಿ ನಾಯಿ ಕಿವಿ ಹಿಂದಕ್ಕೆ ಒತ್ತಿ, ತಲೆ ಓರೆ ಮಾಡಿ, ಬಾಗಿಲ ಕಡೆ ತಿರುಗುತ್ತದೆ. "ಹಠ ಮಾಡ್ತಿದೆ" ಎಂದು ಯಾರೋ ಅನ್ನುತ್ತಾರೆ. ಹಠ ಅಲ್ಲ, ಅದಕ್ಕೆ ಅಲ್ಲಿ ಸೈರನ್ ಕೂಗುತ್ತಿದೆ. ಅಳೆಯಲು ಹೊಸ ಉಪಕರಣ ಬೇಕಿಲ್ಲ. ಗಾಳಿ ಪೈಪಿನ ಸೋರಿಕೆ ಹುಡುಕಲು ಮೇಂಟೆನೆನ್ಸ್‌ನವರ ಹತ್ತಿರ ಅಲ್ಟ್ರಾಸೌಂಡ್ ಡಿಟೆಕ್ಟರ್ ಇದ್ದರೆ ಅದನ್ನೇ ಕೈಯಲ್ಲಿ ಹಿಡಿದು ದಾರಿ ಉದ್ದಕ್ಕೂ ನಡೆಯಿರಿ. ಆ ಸೋರಿಕೆಗಳೂ ಇದೇ ಪಟ್ಟಿಗೆ ಸೇರುತ್ತವೆ.

ನೆಲ. ಬಾಗಿಲಲ್ಲಿ ಬೂಟು ಅದ್ದುವ ಸ್ಯಾನಿಟೈಸರ್ ತೊಟ್ಟಿ ಇದ್ದರೆ ನಾಯಿ ಪಂಜ ಅದ್ದಿ, ಆಮೇಲೆ ನೆಕ್ಕುತ್ತದೆ. ಬಾಯಿ, ಗಂಟಲು ಸುಡಬಹುದು. ಆ ಬಾಗಿಲೇ ಬೇಡ, ಅಥವಾ ಬೂಟು ತೊಡಿಸಲಿ. ಬೂಟಿಗೆ ಅಭ್ಯಾಸ ಬೇಕು. ಮೊದಲ ದಿನ ತೊಡಿಸಿದರೆ ಪ್ರತಿ ಪಾದವನ್ನೂ ನೀರಿಂದ ಎತ್ತಿದ ಹಾಗೆ ಎತ್ತೆತ್ತಿ ಇಡುತ್ತದೆ, ಕೆಲಸದ ಮೇಲೆ ಗಮನ ಇರುವುದಿಲ್ಲ. ಕೆಲವು ವಾರ ಮನೆಯಲ್ಲೇ ರೂಢಿ ಮಾಡಿಸಲಿ.

ನೆಲಕ್ಕೆ ಬಿದ್ದ ಚೂರುಗಳನ್ನೂ ನೋಡಿ. ಸಕ್ಕರೆ ರಹಿತ ಗಮ್, ಚೀಪುವ ಮಾತ್ರೆಗಳಲ್ಲಿ ಬಳಸುವ ಝೈಲಿಟಾಲ್ ನಾಯಿಗೆ ವಿಷ. ಚಾಕೊಲೇಟ್, ಒಣದ್ರಾಕ್ಷಿ ಕೂಡ. ಸರ್ವಿಸ್ ಡಾಗ್ ನೆಲದ್ದನ್ನು ತಿನ್ನದ ಹಾಗೆ ತರಬೇತಿ ಪಡೆದಿರುತ್ತದೆ ನಿಜ, ಆದರೂ ಅದು ನಾಯಿ.

6. ನಾಯಿ ಹೋಗಲಾಗದ ಕಡೆ ಏನು ಮಾಡುವುದು

ಒಂದು ಉದಾಹರಣೆ. ಬೇಕರಿ ಪ್ಲಾಂಟಿನ ಕ್ವಾಲಿಟಿ ಟೆಕ್ನಿಷಿಯನ್ ಒಬ್ಬರಿಗೆ ಸಕ್ಕರೆ ಕುಸಿದರೆ ಎಚ್ಚರಿಸುವ ನಾಯಿ ಇದೆ ಅಂದುಕೊಳ್ಳಿ. ದಿನದ ಬಹುಪಾಲು ಲ್ಯಾಬಿನಲ್ಲಿ, ಉಳಿದದ್ದು ದಾಖಲೆ ಬರೆಯುವುದರಲ್ಲಿ. ಎರಡು ಗಂಟೆಗೊಮ್ಮೆ ಹಿಟ್ಟು ನಾದುವ ಲೈನಿಗೆ ಹೋಗಿ ಸ್ಯಾಂಪಲ್ ತರಬೇಕು, ಹೆಚ್ಚೆಂದರೆ ಹದಿನೈದು ನಿಮಿಷ. ಲೈನ್ ಕೆಂಪು, ಆಫೀಸು ಹಸಿರು, ಲ್ಯಾಬ್ ಹಳದಿ. ಉತ್ಪನ್ನ ಲ್ಯಾಬಿನಿಂದ ವಾಪಸ್ ಲೈನಿಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಒಂದು ಮೂಲೆ ಗುರುತಿಸಬಹುದು. ಸ್ಯಾಂಪಲ್ ತರುವ ಆ ಹದಿನೈದು ನಿಮಿಷಕ್ಕೆ ದಾರಿ ಮೂರು: ಸೆನ್ಸರ್ ಅಲಾರಂ ಇಟ್ಟುಕೊಂಡು ತಾವೇ ಹೋಗುವುದು, ಲೈನಿನವರೇ ಸ್ಯಾಂಪಲ್ ತಂದು ಕಿಟಕಿಯಲ್ಲಿ ಕೊಡುವುದು, ಇಲ್ಲವೇ ಪಾಳಿಯ ಇನ್ನೊಬ್ಬ ಟೆಕ್ನಿಷಿಯನ್ ಹೋಗುವುದು. ಕೊಳೆಯ ಅಪಾಯವೂ ಇಲ್ಲ, ಕೆಲಸವೂ ನಿಲ್ಲಲ್ಲ. "ಬೇಕರಿಗೆ ನಾಯಿ ಬೇಡ" ಎಂದು ಶುರು ಮಾಡಿದ್ದರೆ ಈ ಹದಿನೈದು ನಿಮಿಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗೌನಿಂಗ್ ಕೋಣೆಗಿಂತ ಮೊದಲು ಕೂದಲು ತೆಗೆಯುವ ಅಂಟು ರೋಲರ್, ಮೇಲಂಗಿ ಬದಲಿಸಲು ಒಂದು ಕೊಕ್ಕೆ, ಕೈ ತೊಳೆಯುವ ಸಿಂಕ್. ಮೊಣಕಾಲಿನ ಕೆಳಗೆ ಮತ್ತು ಹಿಂಬದಿಯಲ್ಲಿ ರೋಲರ್ ಎರಡು ಸಲ ಓಡಲಿ, ಕೂದಲು ಅಡಗಿ ಕೂರುವುದು ಅಲ್ಲೇ.

ಕಾಯುವ ಜಾಗ ಶಬ್ದ ಇಲ್ಲದ, ತಂಪಾದ, ಬಾಗಿಲು ಹಾಕಬಹುದಾದ ಕೋಣೆಯಾಗಲಿ. ಗೋದಾಮಿನ ಮೂಲೆಯ ಪಂಜರ ಬೇಡ. ನೀರು, ಊಟ, ಮಲ ಎತ್ತುವುದು ಎಲ್ಲ ಮಾಲೀಕರ ಹೊಣೆ, ಕಂಪನಿಯದಲ್ಲ. ಅದಕ್ಕೆ ಬಿಡುವು ಕೊಡುವುದು ಕಂಪನಿಯ ಪಾಲು. ಹೊರಗಿನ ಜಾಗ ಕಚ್ಚಾ ಮಾಲಿನ ಡಾಕ್ ಮತ್ತು ಗಾಳಿ ಒಳಗೆಳೆಯುವ ಜಾಲರಿಯಿಂದ ದೂರ ಇರಲಿ.

ಆ ಕೋಣೆ ಎಲ್ಲಿರಬೇಕು ಎಂದು ತೀರ್ಮಾನಿಸುವಾಗ ಬೆಂಕಿ ಅಲಾರಂ ನೆನಪಿಡಿ. ಅಲಾರಂ ಹೊಡೆದರೆ ಆ ಮನುಷ್ಯ ಹೊರಬಾಗಿಲಿಗೆ ಓಡುವುದಿಲ್ಲ, ನಾಯಿ ಇರುವ ಕಡೆ ಓಡುತ್ತಾರೆ, ಬೇಡ ಎಂದು ಎಷ್ಟು ಹೇಳಿದ್ದರೂ. ಆದ್ದರಿಂದ ಅವರು ಕೆಲಸ ಮಾಡುವ ಜಾಗದಿಂದ ಹೊರಬಾಗಿಲಿಗೆ ಹೋಗುವ ದಾರಿಯಲ್ಲೇ ಆ ಕೋಣೆ ಇರಬೇಕು.

7. ಸಹೋದ್ಯೋಗಿಗಳು

ಯಾಕೆ ನಾಯಿ ಎಂದು ಕೇಳುತ್ತಾರೆ. ಹೇಳುವ ಹಾಗಿಲ್ಲ. ವೈದ್ಯಕೀಯ ಮಾಹಿತಿ ಗುಟ್ಟಾಗಿರಬೇಕು, ಬೇರೆ ಕಡತದಲ್ಲಿ. "ಕಂಪನಿ ಅನುಮತಿ ಕೊಟ್ಟಿದೆ, ಮುಟ್ಟಬೇಡಿ, ಕರೆಯಬೇಡಿ, ತಿಂಡಿ ಕೊಡಬೇಡಿ" ಇಷ್ಟು ಹೇಳಿ ಸಾಕು.

ಅಲರ್ಜಿ ಇರುವವರು ಮುಂದೆ ಬಂದರೆ ಅದನ್ನೂ ಇಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ, ಅವರದೂ ಎಡಿಎ ಕೋರಿಕೆಯಾಗಿರಬಹುದು. ಯಾರು ಮೊದಲು ಬಂದರು ಎಂಬುದು ಲೆಕ್ಕಕ್ಕಿಲ್ಲ. ಬೇರೆ ಪಾಳಿ, ಬೇರೆ ಕೋಣೆ, ಊಟದ ಸಮಯ ಹಿಂದುಮುಂದು, ಹೆಪಾ ಫಿಲ್ಟರ್. ಅಲರ್ಜಿ ತರುವ ಅಂಶ ಇರುವುದು ಕೂದಲಿನಲ್ಲೇ ಅಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿ. ಹಾಗಾಗಿ "ಕೂದಲು ಉದುರದ ತಳಿ" ಎಂಬ ಸಮಾಧಾನ ಜಾಸ್ತಿ ಕೆಲಸ ಮಾಡಲ್ಲ.

8. ಬರೆದಿಡಿ

ಆಡಿಟರ್ ಬಂದಾಗ ಕಾರಿಡಾರಿನಲ್ಲಿ ನಾಯಿ ಕಂಡರೆ ಮೊದಲ ಪ್ರಶ್ನೆ "ಎಸ್‌ಒಪಿ ತೋರಿಸಿ". ಎಸ್‌ಒಪಿ ಅಂದರೆ ಕೆಲಸ ಹೀಗೇ ಆಗಬೇಕು ಎಂದು ಬರೆದಿಟ್ಟ ಕ್ರಮ. ಹೊಸದೊಂದು, ಎರಡು ಪುಟ ಸಾಕು: ನಕ್ಷೆ, ದಾರಿ, ಕೈ ತೊಳೆಯುವುದು, ಉಡುಪು ಬದಲಿಸುವುದು, ಗಲೀಜಾದರೆ ಸ್ವಚ್ಛ ಮಾಡುವ ಕ್ರಮ, ನಾಯಿ ಒಂದೊಮ್ಮೆ ಕೆಂಪು ಗೆರೆ ದಾಟಿದರೆ ಉತ್ಪನ್ನವನ್ನು ತಡೆಹಿಡಿಯುವ ಕ್ರಮ. ನೌಕರರ ಹೆಸರು, ಕಾಯಿಲೆ ಅದರಲ್ಲಿ ಬೇಡ. ಚೇಂಜ್ ಕಂಟ್ರೋಲ್, ಅಂದರೆ ಪ್ಲಾಂಟಿನ ಬದಲಾವಣೆಗಳನ್ನು ಪರಿಶೀಲಿಸಿ ಒಪ್ಪುವ ಕ್ರಮ, ಅದರ ಮೂಲಕವೇ ಹೋಗಲಿ. ಲಸಿಕೆ, ಚಿಗಟ ನಿವಾರಣೆಯ ದಾಖಲೆ ಕೇಳಬಹುದು. ಚಿಗಟ ಬಂದರೆ ಅದು 117.35ರ ಭಾಷೆಯಲ್ಲಿ ಕೀಟವೇ ಅಲ್ವಾ. ಕೀಟ ನಿಯಂತ್ರಣದ ಗುತ್ತಿಗೆದಾರರಿಗೂ ತಿಳಿಸಿ, ಇಲಿ ಪಾಷಾಣದ ಪೆಟ್ಟಿಗೆಗಳು ಎಲ್ಲಿವೆ ಎಂದು ಅವರಿಗೆ ಗೊತ್ತಿರುತ್ತದೆ.

ಮೊದಲ ಕೆಲವು ವಾರ ಪ್ರಯೋಗ ಎಂದು ಇಬ್ಬರೂ ಒಪ್ಪಿಕೊಂಡು ಶುರು ಮಾಡಿ.

9. ಇಲ್ಲ ಅನ್ನಲೇಬೇಕಾದರೆ

ಕೆಲವೊಮ್ಮೆ ಅನ್ನಬೇಕಾಗುತ್ತದೆ. ಆಗ ಎರಡು ಆಧಾರಗಳು ಮುಖ್ಯ. ಒಂದು, ಕಂಪನಿಗೆ ಮಿತಿ ಮೀರಿದ ಕಷ್ಟ. ಇನ್ನೊಂದು, ನೇರ ಅಪಾಯ. ಎರಡನೆಯದಕ್ಕೆ ನಾಲ್ಕು ಅಳತೆಗಳಿವೆ: ಅಪಾಯ ಎಷ್ಟು ಕಾಲ ಇರುತ್ತದೆ, ಹಾನಿ ಎಷ್ಟು ದೊಡ್ಡದು, ಆಗುವ ಸಾಧ್ಯತೆ ಎಷ್ಟು, ಎಷ್ಟು ಬೇಗ ಆಗಬಹುದು. "ನಾಯಿ ಕಚ್ಚಿಬಿಟ್ಟರೆ?" ಎಂಬ ಊಹೆ ಇವುಗಳಲ್ಲಿ ಯಾವುದಕ್ಕೂ ಉತ್ತರ ಅಲ್ಲ. ಈ ನಾಯಿ, ಈ ಕೋಣೆ, ಈ ಅಳತೆ ಎಂದು ಹೇಳಬೇಕು.

ಕಂಪನಿ ಪರವಾಗಿ ಬಂದ ತೀರ್ಪೂ ಇದೆ. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇದ್ದ ಮಾಜಿ ಸೈನಿಕರೊಬ್ಬರು ರೈಲು ಎಂಜಿನ್‌ನಲ್ಲಿ ನಾಯಿ ಜೊತೆಗಿರಲಿ ಎಂದು ಯೂನಿಯನ್ ಪೆಸಿಫಿಕ್ ಕಂಪನಿಯನ್ನು ಕೇಳಿದ್ದರು. ನಾಯಿ ಇಲ್ಲದೆಯೂ ಕೆಲಸ ಮಾಡಬಲ್ಲೆ, ಆದರೆ ನೋವು ತಡೆದುಕೊಂಡು ಮಾಡಬೇಕು ಎಂಬುದು ಅವರ ವಾದ. 2023ರಲ್ಲಿ 8ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ಇದನ್ನು ಎಲ್ಲ ಕಡೆಗೂ ಹೊಂದುವ ಬೀಗದ ಕೈ ಅಂದುಕೊಳ್ಳಬೇಡಿ. ಕೆಲಸದ ಮುಖ್ಯ ಭಾಗವನ್ನೇ ಮಾಡಲು ನಾಯಿ ಬೇಕು ಎನ್ನುವವರ ಪ್ರಶ್ನೆ ಬೇರೆ.

ಇಲ್ಲ ಎಂದು ಬರೆಯುವ ಪತ್ರದಲ್ಲಿ ಯಾವ ಕೋಣೆಗೆ ಇಲ್ಲ, ಯಾಕೆ, ಬದಲಿಗೆ ಏನು ಕೊಡುತ್ತೇವೆ ಎಂಬ ಮೂರೂ ಇರಲಿ. ನೌಕರರಿಗೆ ಇಇಒಸಿಯಲ್ಲಿ ದೂರು ಕೊಡಲು 180 ದಿನ ಇರುತ್ತದೆ, ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯೂ ಅಂಥದೇ ಕಾನೂನು ನೋಡಿಕೊಳ್ಳುವ ಕಡೆ 300. ಅದಕ್ಕೆ ಮೊದಲು ಇಬ್ಬರೂ ಜಾಬ್ ಅಕಾಮಡೇಷನ್ ನೆಟ್‌ವರ್ಕ್‌ಗೆ ಒಂದು ಫೋನ್ ಮಾಡಬಹುದು. ಇಂಥ ಪ್ರಶ್ನೆಗಳಿಗೆ ಪುಕ್ಕಟೆ ಸಲಹೆ ಕೊಡುವ ಸಂಸ್ಥೆ ಅದು, 1983ರಿಂದ ಇದೆ. ಕರೆ ಮಾಡುವಾಗ ಬಣ್ಣ ಹಚ್ಚಿದ ನಕ್ಷೆ ಮುಂದಿಟ್ಟುಕೊಳ್ಳಿ. ಅವರು ಮೊದಲು ಕೇಳುವುದೇ ನಾಯಿ ಏನು ಮಾಡುತ್ತದೆ, ಎಲ್ಲಿ ಬೇಕು ಎಂದು.